ರಜೆಯ ನಂತರದ ತೂಕ

ರಜೆ ಮುಗಿದ ವಾರ ನನಗೆ ತಕ್ಕಡಿಯ ವಾರ.
ಹಚಿನೊಹೆ ಬಂದರಿನ ಮಕ್ಕಳು
ಬಿಸಿಲಿಗೆ ಕಪ್ಪಾಗಿ, ಒಬ್ಬರನ್ನೊಬ್ಬರು ಗುದ್ದುತ್ತ
ಆರೋಗ್ಯದ ಕೋಣೆಯ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.
ಎಲ್ಲರೂ ಒಂದಿಷ್ಟು ಉಬ್ಬಿ ಬಂದಿರುತ್ತಾರೆ,
ಅಜ್ಜಿಮನೆಯ ಕಲ್ಲಂಗಡಿ, ಸುಟ್ಟ ಬೊಂಡಾಸ್,
ಮಧ್ಯಾಹ್ನದ ನಿದ್ದೆ.

ಮೂರನೇ ತರಗತಿಯ ಚಿಹಾಯ
ಕರಗಿ ಬಂದಳು.
ಏಪ್ರಿಲ್‌ನಲ್ಲಿ ಇಪ್ಪತ್ತೆರಡೂವರೆ.
ಈಗ ಇಪ್ಪತ್ತು, ಮೇಲೆ ಚಿಲ್ಲರೆ.
ಮುಳ್ಳು ಒಮ್ಮೆ ನಡುಗಿ ನಿಂತಿತು.
'ಸೆಕೆಗೆ ಹಸಿವೇ ಆಗಲ್ಲ ಟೀಚರ್' ಎಂದಳು,
ನಾನು ಕೇಳುವ ಮೊದಲೇ.

ಕೇಳುವ ಮೊದಲೇ ಬರುವ ಉತ್ತರಗಳನ್ನು
ಇಪ್ಪತ್ತಾರು ವರ್ಷ ಬರೆದುಕೊಂಡಿದ್ದೇನೆ.

ಕೆಳಗೆ ನೋಡಿದೆ.
ಶಾಲೆಯೊಳಗೆ ಹಾಕುವ ಬಿಳಿ ಶೂ
ಹಿಮ್ಮಡಿ ತುಳಿದು ತುಳಿದು ಚಪ್ಪಲಿಯಾಗಿತ್ತು:
ಹದಿನೆಂಟರ ಶೂ, ಇಪ್ಪತ್ತೂವರೆಯ ಕಾಲು.
ಜೂನ್‌ನಲ್ಲಿ ಹಲ್ಲಿನ ಡಾಕ್ಟರು ಎಣಿಸಿದ್ದರು ಹನ್ನೊಂದು ಹುಳುಕು.
ಮನೆಗೊಂದು ಚೀಟಿ ಕೊಟ್ಟೆ. ಮತ್ತೊಂದು. ಮತ್ತೊಂದು.
ಮೂರೂ ಅವಳ ಚೀಲದ ತಳದಲ್ಲಿ
ನಾನು ಮಡಿಸಿದ ಮಡಿಕೆಯಲ್ಲೇ ಇದ್ದವು.
ಸೋಮವಾರ ಮೂರು ಬಟ್ಟಲು ಉಣ್ಣುತ್ತಾಳೆ,
ಶುಕ್ರವಾರ ಬ್ರೆಡ್ಡು ಪುಸ್ತಕದ ನಡುವೆ ಸೇರುತ್ತದೆ,
ಎಂದರು ತರಗತಿಯ ಸವಾಗುಚಿ ಮೇಷ್ಟ್ರು,
ತಮ್ಮದೇ ತಪ್ಪೇನೋ ಎಂಬಂತೆ ದನಿ ತಗ್ಗಿಸಿ.

ಹದಿನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗನಿದ್ದ.
ಕಿವಿಯ ಹಿಂದೆ ನೀಲಿ.
'ಮೆಟ್ಟಿಲ ಮೇಲಿಂದ ಬಿದ್ದೆ.'
ಅವರದು ಮೆಟ್ಟಿಲೇ ಇಲ್ಲದ ಮನೆ; ಎದುರೇ ಹಾದು ಹೋಗುತ್ತಿದ್ದೆ ದಿನಾ.
ಕಡತದಲ್ಲಿ ದುಂಡಗೆ ಬರೆದೆ: ಗಮನದಲ್ಲಿರಲಿ.
ಆ ಅಕ್ಷರದ ಬಗ್ಗೆ ಇಲ್ಲಿ ಇನ್ನೇನೂ ಹೇಳಲಾರೆ.

'ಒಂಟಿ ಹೆಂಗಸು,' ಎಂದರು ಮುಖ್ಯೋಪಾಧ್ಯಾಯರು,
'ಮೀನಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಸಣ್ಣ ಊರು, ಮಾತು ಬೆಳೆಯುತ್ತದೆ.
ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳಿ.'
'ಆ ಹುಡುಗಿಗೆ ಹೊಟ್ಟೆಗೆ ಹಾಕಿಕೊಳ್ಳಲು ಏನಿದೆ, ಸಾರ್?'
ಅವರು ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು.
ಆಮೇಲೆ ಫೋನನ್ನು ನನ್ನ ಕಡೆ ತಳ್ಳಿದರು.

ಅದಕ್ಕೂ ಮುಂಚೆ,
ನನ್ನ ಬುತ್ತಿಯ ಅನ್ನದುಂಡೆ ಎರಡು ತಿಂದು
ಬೆರಳಿಗಂಟಿದ ಅಗುಳನ್ನೂ ಬಿಡದೆ ನೆಕ್ಕಿ
ಹಾಸಿಗೆಯ ಪರದೆಯೊಳಗಿಂದ ಅವಳಂದದ್ದು:
'ಅಮ್ಮ ಕೆಟ್ಟವಳಲ್ಲ.
ಹೋಗುವಾಗ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸ್ತಾಳೆ,
ಮೂರು ದಿನ ಅಂತ.
ನಾನು ಎಣಿಸ್ತೀನಿ.
ಒಂದೇ ಒಂದು ಸಲ ಒಂಬತ್ತಾಯ್ತು.
ಯಾರಿಗೂ ಹೇಳಲ್ಲ ತಾನೇ?'

ಹೇಳುವುದಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ.
ಹೇಳುತ್ತೇನೆ ಎನ್ನಲು ಧೈರ್ಯ ಸಾಲಲಿಲ್ಲ.
ಹೊದಿಕೆ ಸರಿಮಾಡಿದೆ.
ಅವಳು ಅದನ್ನೇ ಮಾತು ಎಂದುಕೊಂಡಳು.

ಫೋನಿನಾಚೆಯ ಹೆಣ್ಣುದನಿ
ಹೆಸರು, ವಯಸ್ಸು, ವಿಳಾಸ ಕೇಳಿತು,
ಗಟ್ಟಿ ಪುರಾವೆ ಬೇಕಿಲ್ಲ, ಅನುಮಾನವೇ ಸಾಕು ಎಂದಿತು.
ಆಮೇಲೆ ಮೆಲ್ಲಗೆ:
'ನಿಮಗೆ ಯಾವಾಗಿನಿಂದ ಗೊತ್ತು?'

ಕಿಟಕಿಯಾಚೆ ದೋಣಿಗಳು ಬರುತ್ತಿದ್ದವು,
ಕಡಲಕಾಗೆಗಳ ಗಲಾಟೆ.
ಜೂನ್‌ನಿಂದ, ಎಂದೆ.
ಆ ಕಡೆಯಿಂದ ಬರೆಯುವ ಸದ್ದು ಕೇಳಿಸಿತು.

ಸಂಜೆ ಬೂದು ಕಾರಲ್ಲಿ ಇಬ್ಬರು ಬಂದರು.
ಚಿಹಾಯ ಅಳಲಿಲ್ಲ. ನನಗೆ ಬಗ್ಗಿ ವಂದಿಸಲೂ ಇಲ್ಲ.
ಕಳೆದುಹೋದ ವಸ್ತುಗಳ ಪೆಟ್ಟಿಗೆಯಿಂದ
ಬೆಳಿಗ್ಗೆಯಷ್ಟೇ ನಾನು ಹುಡುಕಿ ಕೊಟ್ಟಿದ್ದ
ಇಪ್ಪತ್ತೂವರೆಯ ಶೂಗಳನ್ನು ಕಳಚಿ
ಜೋಡಿಸಿ, ಮೂತಿ ಗೋಡೆಗೆ ಮಾಡಿ,
ಗೂಡಿನಲ್ಲಿಟ್ಟಳು.
ಹಳೆಯದನ್ನು ಎದೆಗವುಚಿಕೊಂಡು ಕಾರು ಹತ್ತಿದಳು.

ಇಂದು ನಾಲ್ಕನೇ ತರಗತಿಯ ತೂಕ.
ಗೂಡಿನ ಮುಂದೆಯೇ ಹಾದು ಬರಬೇಕು.
ಶೂ ಹಾಗೇ ಇವೆ; ತೆಗೆಯಲು ಯಾರೂ ಹೇಳಿಲ್ಲ.
'ಮುಂದಿನವರು ಬನ್ನಿ' ಎನ್ನುತ್ತೇನೆ.
ಮೊದಲು ಕಾಲು ನೋಡುತ್ತೇನೆ.